ಹೊಗೆ ಕುಡಿದವರ ವೆಂಟಿಲೇಟರ್: ಫಿಲ್ಟರ್ ಕಡೆ ಗಮನವಿರಲಿ

ಮಾನ್ಯರೇ,

ಬೆಂಕಿ ಅವಘಡದಲ್ಲಿ ಮೈ ಸುಟ್ಟದ್ದು ಎಲ್ಲರಿಗೂ ಕಾಣುತ್ತದೆ. ಒಳಗೆ ಹೋದ ಹೊಗೆ ಕಾಣುವುದಿಲ್ಲ. ನಾನು ಸುಟ್ಟಗಾಯದ ಐಸಿಯುನಲ್ಲಿ ನರ್ಸ್. ಹೊಗೆ ಕುಡಿದು ವೆಂಟಿಲೇಟರ್ ಮೇಲಿರುವವರ ಉಸಿರಿನ ಟ್ಯೂಬಿನಿಂದ ಕಫ ಎಳೆದರೆ ಮಸಿ ಬೆರೆತ ಕರಿ ಗಟ್ಟಿಗಳು ಬರುತ್ತವೆ.

ಅದು ಸಡಿಲವಾಗಲಿ ಎಂದು ಹೆಪಾರಿನ್, ಅಸಿಟೈಲ್‌ಸಿಸ್ಟೀನ್ ಎಂಬ ಔಷಧಗಳನ್ನು ನೆಬ್ಯುಲೈಸ್ ಮಾಡುವುದುಂಟು, ಅಂದರೆ ಮಂಜಿನಂತೆ ಮಾಡಿ ಉಸಿರಿನೊಂದಿಗೆ ಒಳಗೆ ಕಳಿಸುವುದುಂಟು. ಆದರೆ ಆ ಔಷಧವೇ ವೆಂಟಿಲೇಟರಿಗೆ ಉಸಿರು ಹೊರಬರುವ ಬದಿಯಲ್ಲಿರುವ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಉಸಿರು ಒಳಹೋಗುತ್ತದೆ, ಪೂರ್ತಿ ಹೊರಬರುವುದಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಅಲಾರಂ ನಿಲ್ಲಲೇ ಇಲ್ಲ. ಮೂರು ಸಲ ಸಕ್ಷನ್ ಮಾಡಿ ಕಫ ಎಳೆದೆವು. ಕೊನೆಗೆ ಫಿಲ್ಟರ್ ಬದಲಿಸಿದ ಮೇಲೆ ಸುಮ್ಮನಾಯಿತು. ಹಳೆಯದು ಒದ್ದೆ ಸ್ಪಂಜಿನ ಹಾಗೆ ಭಾರವಾಗಿತ್ತು!

ವೆಂಟಿಲೇಟರ್ ಬೆಲೆಯ ಮುಂದೆ ಒಂದು ಫಿಲ್ಟರ್ ಏನೂ ಅಲ್ಲ, ಅಲ್ವಾ? ಆದರೂ ಸ್ಟೋರಿನಲ್ಲಿ ಎಣಿಸಿ ಎಣಿಸಿ ಕೊಡುತ್ತಾರೆ. ಇಂಥ ರೋಗಿಯ ಹಾಸಿಗೆ ಪಕ್ಕದಲ್ಲೇ ಬದಲಿ ಫಿಲ್ಟರ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಇರಬೇಕು. ಬಿಸಿ ತೇವ ಕೊಡುವ ಹ್ಯುಮಿಡಿಫೈಯರ್ ಕೆಟ್ಟು ಮೂಲೆ ಸೇರಬಾರದು. ಫಿಲ್ಟರ್ ಹಾಕಿದ ಸಮಯವನ್ನು ಅದರ ಮೇಲೇ ಬರೆಯಲು ಒಂದು ಪೆನ್ನು ಸಾಕು. ಆರೋಗ್ಯ ಇಲಾಖೆ ಈ ಬಗ್ಗೆ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಕಳಿಸಲಿ.

– ಐಸಿಯು ನರ್ಸ್, ಬೆಂಗಳೂರು