ಮೈಕ್ ಹಿಡಿದು ಹೇಳಲಾಗದೆ ಉಳಿದದ್ದು

ನಿನ್ನೆ ತಿಂಗಳ ಕೊನೆಯ ದಿನ, ನನ್ನ ಬ್ಯಾಂಕ್ ಸರ್ವೀಸಿಗೂ ಕೊನೆಯ ದಿನ. ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿ ಎರಡೇ ಮಾತಿಗೆ ಕೂತುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ತಿಪಟೂರು ಬ್ರಾಂಚಿನಲ್ಲಿ ನಮಗೆ ಮ್ಯಾನೇಜರ್ ಆಗಿದ್ದ ಸಾರ್‌ಗೆ. ಮೃದು ಮಾತಿನವರೇನಲ್ಲ. ವೋಚರಿನಲ್ಲಿ ಒಂದು ಸಹಿ ತಪ್ಪಿದರೆ ಕೊಬ್ಬರಿ ಮಂಡಿಯವರಿಗೂ ಕೇಳುವಂತೆ ಕೂಗುತ್ತಿದ್ದರು. ಆದರೆ ಮೇಲಿನವರ ಬೈಗುಳ ಅವರ ಕ್ಯಾಬಿನ್ ದಾಟಿ ನಮ್ಮ ತನಕ ಬಂದದ್ದೇ ಇಲ್ಲ. ಇನ್ಶೂರೆನ್ಸ್ ಟಾರ್ಗೆಟ್ ಕೇಳಲು ರಾತ್ರಿ ಎಂಟರ ಮೇಲೆ ವಿಡಿಯೊ ಕಾನ್ಫರೆನ್ಸ್ ಇಡುವ ಒಬ್ಬ ಅಧಿಕಾರಿ ಆಗ ಇದ್ದರು. ಸಾರ್ ಒಬ್ಬರೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರಂತೆ. ಬ್ರಾಂಚಿನ ಕಡತ, ಕಾಗದ ನೋಡಿಕೊಳ್ಳುವ ದಫ್ತರಿ ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ನಮಗೆ ಸಿಗುತ್ತಿದ್ದದ್ದು "ಈ ವಾರ ಒಂದೆರಡು ಪಾಲಿಸಿ ಆಗುತ್ತೇನೋ ನೋಡ್ರಪ್ಪ" ಅನ್ನುವ ಮಾತಷ್ಟೇ. ಪಿಂಚಣಿ ತೆಗೆಯಲು ಬಂದ ಅಜ್ಜಿಯರ ತಲೆಗೆ ಪಾಲಿಸಿ ಕಟ್ಟಕೂಡದು ಅನ್ನುವುದು ಮಾತ್ರ ಕಟ್ಟಪ್ಪಣೆ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವಲ್ಲ, 10ನೇ ತಾರೀಕು ನಾವು ಬಾಗಿಲು ತೆಗೆದಾಗ ಸಾಲು ರಸ್ತೆಗೆ ಬಂದಿತ್ತು. ಆ ವಾರ ಎರಡನೇ ಶನಿವಾರದ ರಜೆಯೂ ಇಲ್ಲ, ಭಾನುವಾರದ್ದೂ ಇಲ್ಲ. ಸಾರ್ ಕ್ಯಾಬಿನ್ ಬಿಟ್ಟು ಬಂದು ಕೌಂಟರಿನಲ್ಲಿ ಕೂತರು. ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಒತ್ತಿ ನೋಟು ಎಣಿಸುತ್ತಲೇ "ಯಜಮಾನ್ರೇ, ಆಧಾರ್ ಜೆರಾಕ್ಸ್ ಎಲ್ಲಿ?" ಎಂದು ಕೂಗುವುದು. ಒಂದು ಸಂಜೆ ನಮ್ಮ ಕ್ಯಾಶಿಯರ್ ಹುಡುಗಿಗೆ ಎರಡು ಸಾವಿರ ಕಡಿಮೆ ಬಂತು. ಹೊಸ ನೋಟು ಒಂದಕ್ಕೊಂದು ಅಂಟಿಕೊಂಡು ಯಾರಿಗೋ ಎರಡು ಹೋಗಿತ್ತು. ಕಡಿಮೆ ಬಂದರೆ ಕ್ಯಾಶಿಯರೇ ಕೈಯಿಂದ ಕಟ್ಟಬೇಕು. ಆ ಹುಡುಗಿ ಆಗಿನ್ನೂ ಪ್ರೊಬೇಷನ್ನಿನಲ್ಲಿದ್ದಳು, ಅಳುವುದೊಂದು ಬಾಕಿ. ಸಾರ್ ಏನೂ ಹೇಳದೆ ನೂರರ ಐದು ನೋಟು ತೆಗೆದು ಅವಳ ಡ್ರಾಯರಿನ ಮೇಲಿಟ್ಟು, ನಮ್ಮ ಮುಖ ನೋಡಿದರು. ಐದು ನಿಮಿಷದಲ್ಲಿ ಕ್ಯಾಶ್ ಟ್ಯಾಲಿ ಆಯಿತು.

ನನ್ನ ಸ್ವಂತ ಋಣವೂ ಒಂದಿದೆ. ಬ್ಯಾಂಕಿನ ಮಾರ್ಚ್ ಕ್ಲೋಸಿಂಗಿಗೂ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೂ ಯಾವ ಜನ್ಮದ ನಂಟೋ ಕಾಣೆ. ಸ್ಟ್ರಾಂಗ್ ರೂಮಿನ ಎರಡು ಕೀಲಿಗಳಲ್ಲಿ ಒಂದು ನನ್ನ ಹತ್ತಿರ. ಕ್ಯಾಶ್ ಒಳಗೆ ಹೋಗುವ ತನಕ ನಾನು ಕದಲುವಂತಿಲ್ಲ, ಅರಸೀಕೆರೆಗೆ ಹೋಗುವ ಪ್ಯಾಸೆಂಜರ್ ರೈಲು ನನಗಾಗಿ ಕಾಯುವುದೂ ಇಲ್ಲ. ಮಗಳ ಪರೀಕ್ಷೆಯೆಂದು ನಾನು ಬಾಯಿ ಬಿಟ್ಟಿರಲೇ ಇಲ್ಲ. ಸಾರ್ ತಾವಾಗಿಯೇ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಆ ತಿಂಗಳ ಮಟ್ಟಿಗೆ ನನ್ನ ಕೀಲಿಯನ್ನು ಫೀಲ್ಡ್ ಆಫೀಸರಿಗೆ ವಹಿಸಿದರು. ಅನುಕಂಪದ ಒಂದು ಮಾತೂ ಇಲ್ಲ, ಬರೀ ಆಫೀಸ್ ಆರ್ಡರ್. ನನಗೆ ಅದೇ ಹಿತವೆನಿಸಿತು. ದಯೆ ತೋರಿಸಿದ್ದರೆ ಜೀವಮಾನವೆಲ್ಲ ಹಂಗು ಕಾಡುತ್ತಿತ್ತು.

ಮಜ್ಜಿಗೆ ಕೊಡ ಹೊತ್ತು ಸಾಲಿನುದ್ದಕ್ಕೂ ಓಡಾಡಿದ ದಫ್ತರಿಯಣ್ಣ, ಬಿಹಾರದಿಂದ ಬಂದು ಆರೇ ತಿಂಗಳಲ್ಲಿ "ಅಜ್ಜಿ, ಹೆಬ್ಬೆಟ್ಟು ಇಲ್ಲಿ ಒತ್ತಿ" ಅನ್ನುವಷ್ಟು ಕನ್ನಡ ಕಲಿತ ಹುಡುಗ, ರೈಲಿನಲ್ಲಿ ಸೀಟು ಹಿಡಿದಿಟ್ಟ ಟೀಚರಮ್ಮಂದಿರು, ಕ್ಲೋಸಿಂಗ್ ದಿನಗಳಲ್ಲಿ ಅಡುಗೆಮನೆಗೆ ನಾನು ಬರುವುದನ್ನೇ ಕಾಯದ ನಮ್ಮತ್ತೆ, ಎಲ್ಲರಿಗೂ ಕೈ ಮುಗಿದೆ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರದ ರಜೆ ಗಿಟ್ಟಿಸಿಕೊಟ್ಟ ಸಂಘದವರಿಗೂ. ಉಳಿದ ಶನಿವಾರಗಳು ಈಗಿನ ಹುಡುಗರ ಕಾಲಕ್ಕಾದರೂ ದಕ್ಕಲಿ.

ನವೆಂಬರಿನಲ್ಲಿ ಪಿಂಚಣಿಗೆ ಬೇಕಾದ ಲೈಫ್ ಸರ್ಟಿಫಿಕೇಟ್ ಕೊಡಲು ಬರುತ್ತೇನೆ. ಆಗ ನನಗೂ ಒಂದು ಪಾಲಿಸಿ ಹಿಡಿಸಲು ನೋಡಬೇಡಿ, ಸಾರ್ ಹೇಳಿದ್ದು ನೆನಪಿರಲಿ.