ಕಮಾನಿನ ಲೈಟಿನ ಹಿಂದೆ ಇದ್ದವರಿಗೆಲ್ಲ ಥ್ಯಾಂಕ್ಸ್

ಈ ಸಲ ಗಣೇಶನ ವಿಸರ್ಜನೆವರೆಗೂ ನಮ್ಮ ಬೀದಿಯ ಕಮಾನಿನ ಲೈಟು ಒಮ್ಮೆಯೂ ಕೈಕೊಡಲಿಲ್ಲ. ಎಲ್ಲರೂ ನನ್ನ ಬೆನ್ನು ತಟ್ಟಿದರು. ತಟ್ಟಬೇಕಾದ ಬೆನ್ನುಗಳು ಬೇರೆಯೂ ಇವೆ.

ಮೊದಲು, ಲೈಟಿನ ಬಣ್ಣ, ಡಿಸೈನ್ ನಡೆಸೋ ಹಳೆ ಕೋಡ್ ಬರೆದ ಅಣ್ಣನಿಗೆ. ಆ ಕೋಡ್ ಓಡುತ್ತಿದ್ದ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಉನೊದಲ್ಲಿ ಇದ್ದದ್ದೇ 2 ಕೆಬಿ ರ‍್ಯಾಮ್. 300 ಎಲ್‌ಇಡಿಗಳ ಬಣ್ಣಕ್ಕೇ 900 ಬೈಟ್ ಹೋಗುತ್ತದೆ. ಉಳಿದದ್ದರಲ್ಲಿ ಅಷ್ಟೆಲ್ಲ ಡಿಸೈನ್ ಓಡಿಸಿದ್ದರಲ್ಲ, ಪುಣ್ಯಾತ್ಮರು! ಕೋಡಿನ ಮಧ್ಯೆ ಒಂದು ಕಡೆ ‘ಇಲ್ಲಿ ಕೈ ಹಾಕಬೇಡಿ’ ಅಂತ ಬರೆದಿಟ್ಟಿದ್ದರು. ಯಾಕಣ್ಣ ಅಂತ ಫೋನ್ ಮಾಡಿದರೆ, ಬೇಸರವಿಲ್ಲದೆ ಎಲ್ಲ ಬಿಡಿಸಿ ಹೇಳಿದರು.

ನಮ್ಮ ಎಲ್‌ಇಡಿ ಪಟ್ಟಿ, ಅಂದರೆ ಡಬ್ಲ್ಯುಎಸ್2812ಬಿ ಸ್ಟ್ರಿಪ್ಪಿಗೆ, ಬಣ್ಣದ ಮಾಹಿತಿ ಹೋಗೋ ಡೇಟಾ ವೈರ್ ಒಂದೇ. ಸೊನ್ನೆಯೋ ಒಂದೋ ಅನ್ನೋದು ಪಲ್ಸ್ ಎಷ್ಟು ಹೊತ್ತು ನಿಂತಿತು ಅನ್ನೋದರ ಮೇಲೆ. ಒಂದು ಬಿಟ್ಟಿಗೆ 1.25 ಮೈಕ್ರೊಸೆಕೆಂಡ್, ಒಂದು ಎಲ್‌ಇಡಿಗೆ 24 ಬಿಟ್. 300ಕ್ಕೆ 9 ಮಿಲಿಸೆಕೆಂಡ್ ಆಯಿತು. ಅಳತೆ ತಪ್ಪಬಾರದು ಅಂತ ಉನೊ ಆ ಹೊತ್ತಿನಲ್ಲಿ ಇಂಟರಪ್ಟ್‌ಗಳನ್ನು, ಅಂದರೆ ಹೊರಗಿನ ಸಿಗ್ನಲ್ ಬಂದಾಗ ಕೆಲಸ ಬಿಟ್ಟು ಅದನ್ನು ನೋಡೋದನ್ನು, ನಿಲ್ಲಿಸಿಬಿಡುತ್ತದೆ. ಡಿಸೈನ್ ಬದಲಿಸೋ ರಿಮೋಟಿನ ಒಂದೊಂದು ಪಲ್ಸ್ ಸುಮಾರು ಅರ್ಧ ಮಿಲಿಸೆಕೆಂಡಿನದು. ಕಿವಿ ಮುಚ್ಚಿ ಕೂತವನನ್ನು ಕೂಗಿದ ಹಾಗೆ. ಮಂಗಳಾರತಿ ಹೊತ್ತಿಗೆ ಬಟನ್ ಒತ್ತಿ ಒತ್ತಿ ಸಾಕಾಗುತ್ತಿದ್ದದ್ದು ಇದಕ್ಕೇ.

ಅದಕ್ಕೇ ಈ ಸಲ ಇಎಸ್‌ಪಿ32 ಅನ್ನೋ ಹೊಸ ಬೋರ್ಡಿಗೆ ಬದಲಾಯಿಸಿದೆವು. ಅದರಲ್ಲಿ ಪಲ್ಸ್ ಕಳಿಸೋಕೆ ಆರ್‌ಎಂಟಿ ಅನ್ನೋ ಹಾರ್ಡ್‌ವೇರೇ ಇದೆ. ಪ್ರೊಸೆಸರ್ ಬೇರೆ ಕೆಲಸ ನೋಡಿಕೊಳ್ಳಬಹುದು. ಅದನ್ನು ಬಳಸೋಕೆ ಬೇಕಾದ ಕೋಡ್ ಫಾಸ್ಟ್‌ಎಲ್‌ಇಡಿ ಅನ್ನೋ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ ಕೋಡಿನ ಸಂಗ್ರಹ) ಸಿದ್ಧವಿತ್ತು. ಆ ಲೈಬ್ರರಿಯನ್ನು ಶುರುಮಾಡಿದ ಡೇನಿಯಲ್ ಗಾರ್ಸಿಯಾ 2019ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ದೋಣಿಗೆ ಬೆಂಕಿ ಬಿದ್ದು ತೀರಿಕೊಂಡರು. ಜೊತೆಗಿದ್ದ ಮಾರ್ಕ್ ಕ್ರೀಗ್ಸ್‌ಮನ್ ಮತ್ತು ಆಮೇಲೆ ಬಂದವರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ನಮ್ಮ ಬೀದಿಯ ಹೆಸರೂ ಕೇಳದವರ ಕೆಲಸ ನಮ್ಮ ಗಣೇಶನಿಗೆ ಬೆಳಕಾಯಿತು. ಅವರಿಗೆಲ್ಲ ನಮಸ್ಕಾರ.

ಕೋಡಿನಲ್ಲಿದ್ದ ಡಿಲೇಗಳನ್ನೆಲ್ಲ (ಸುಮ್ಮನೆ ಕಾಯಿಸೋ ಸಾಲುಗಳು) ಕಿತ್ತು, ಬಣ್ಣದ ಲೆಕ್ಕವನ್ನೂ ಸ್ಟ್ರಿಪ್ಪಿಗೆ ಕಳಿಸೋದನ್ನೂ ಬೇರೆ ಬೇರೆ ಮಾಡುವಾಗ ರಾತ್ರಿಯೆಲ್ಲ ಜೊತೆಗೆ ಕೂತ ತಂಗಿಗೆ ಏನು ಹೇಳಲಿ? ವೈಫೈ ಮೂಲಕ ಅಪ್‌ಡೇಟ್ ಹಾಕೋ ಐಡಿಯಾ ಅವಳದೇ. ಏಣಿ ಹತ್ತೋದು ತಪ್ಪಿತು, ಮಳೆ ಬೇರೆ ಸುರೀತಿತ್ತು.

ಹೊಸ ಬೋರ್ಡ್ ಹಾಕಿದ ಮೇಲೆ ಮೊದಲ ಎಲ್‌ಇಡಿಯಿಂದಲೇ ಬಣ್ಣ ಚೆಲ್ಲಾಪಿಲ್ಲಿ. ಕೋಡ್ ತಡಕಾಡುತ್ತಾ ಕೂತಿದ್ದೆವು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯ ಯಜಮಾನರು ಕೇಳಿದ ತಕ್ಷಣ, “ಬೋರ್ಡ್ 3.3 ವೋಲ್ಟ್ ಕೊಡುತ್ತೆ, 5 ವೋಲ್ಟಿನ ಸ್ಟ್ರಿಪ್ 3.5 ಆದ್ರೂ ಕೇಳುತ್ತೆ, ಅಲ್ವಾ?” ಅಂತ ಸಿಗ್ನಲ್ಲನ್ನು 5 ವೋಲ್ಟಿಗೆ ಏರಿಸೋ 74ಎಎಚ್‌ಸಿಟಿ125 ಚಿಪ್ ಕೈಗಿಟ್ಟರು. ಸರಿಹೋಯಿತು.

ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಮಾವ. ಪೂರ್ತಿ ಬಿಳಿ ಹಾಕಿದರೆ ಒಂದು ಎಲ್‌ಇಡಿಗೆ 60 ಮಿಲಿಆಂಪ್, ಎಲ್ಲ ಸೇರಿ 18 ಆಂಪ್. ನಮ್ಮ ಸಪ್ಲೈ 10 ಆಂಪಿನದು. ಕೋಡಿನಲ್ಲೇ ಮಿತಿ ಹಾಕೋವರೆಗೂ ಅವರು ಮೇನ್ ಆನ್ ಮಾಡೋಕೆ ಬಿಡಲಿಲ್ಲ. ಆಗ ಕೋಪ ಬಂದಿತ್ತು ಮಾವ, ಈಗ ಥ್ಯಾಂಕ್ಸ್.

ಕೋಡ್ ಬೇಕಾದವರು ಸುಮ್ನೆ ಒಂದು ಮೆಸೇಜ್ ಹಾಕಿ, ಕಳಿಸುತ್ತೇನೆ. ಪಿನ್ ನಂಬರ್ ಮಾತ್ರ ನಿಮ್ಮ ಬೋರ್ಡಿಗೆ ತಕ್ಕಂತೆ ಬದಲಿಸಿಕೊಳ್ಳಿ.