ಬಾಕಿ ತೀರಿದ ಮೇಲೆ ಬರೆಯುವ ಮಾತು

ಹಲವು ಸಂಸ್ಥೆಗಳು ಕೂಡಿ ನಡೆಸುವ ನಮ್ಮ ಸಮುದಾಯ ಆರೋಗ್ಯ ಒಕ್ಕೂಟಕ್ಕೆ ಈ ವರ್ಷ ಹತ್ತು ತುಂಬಿತು. ಮೊದಲ ಆರು ವರ್ಷಗಳು ಒಂದೇ ದೊಡ್ಡ ಅನುದಾನದ ಆಸರೆಯಲ್ಲಿ ಕಳೆದವು. ಉಳಿದ ನಾಲ್ಕನ್ನು ನಾವು ಹೇಗೆ ದಾಟಿದೆವು ಎಂಬುದು ಹೊರಗಿನವರಿಗೆ ತಿಳಿದಿಲ್ಲ, ಒಳಗಿದ್ದವರಿಗೂ ತುಣುಕು ತುಣುಕಾಗಿಯೇ ಗೊತ್ತು. ಕಾರ್ಯದರ್ಶಿಯಾಗಿದ್ದ ಕಾರಣಕ್ಕೆ ಆ ತುಣುಕುಗಳೆಲ್ಲ ನನ್ನ ಕಣ್ಣೆದುರು ಹಾದುಹೋಗಿವೆ. ಆದ್ದರಿಂದ ಯಾರ ಋಣ ನಮ್ಮ ಮೇಲಿದೆ ಎಂಬುದನ್ನು ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ; ಓದುತ್ತ ಹೋದರೆ ಅವರವರಿಗೆ ತಿಳಿಯುತ್ತದೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. ಅನುದಾನಕ್ಕೆ ಆರು ವರ್ಷಗಳ ಅವಧಿಯೆಂದು ಒಪ್ಪಂದದ ಮೊದಲ ಪುಟದಲ್ಲೇ ಬರೆದಿತ್ತು. ಆದರೂ ಐದನೆಯ ವರ್ಷ ಮುಗಿಯುವವರೆಗೆ ಕಾರ್ಯಕಾರಿ ಸಮಿತಿಯ ಒಂದು ನಡಾವಳಿಯಲ್ಲಿಯೂ ಮುಂದಿನ ದಾರಿಯ ಪ್ರಸ್ತಾಪವಿಲ್ಲ. ಆ ನಡಾವಳಿಗಳನ್ನೆಲ್ಲ ಬರೆದದ್ದು ನಾನೇ. ಹಣ ನಿಂತಾಗ ದಾನಿ ಸಂಸ್ಥೆಯನ್ನು ದೂರಿದವರು ನಮ್ಮಲ್ಲಿದ್ದರು, ಆದರೆ ಆ ಸಂಸ್ಥೆ ಒಂದು ವರ್ಷ ಮುಂಚೆಯೇ ಪತ್ರ ಬರೆದು ನೆನಪಿಸಿತ್ತು. ಕೊಟ್ಟ ಹಣಕ್ಕೂ ಆ ಪತ್ರಕ್ಕೂ ನಮ್ಮ ಮೊದಲ ಕೃತಜ್ಞತೆ.

ಒಕ್ಕೂಟವೊಂದಕ್ಕೆ ಹಣ ಹುಟ್ಟಿಸುವುದು ಏಕೆ ಕಷ್ಟ ಎಂಬುದನ್ನು ನಾವು ಕಲಿತದ್ದು ಆ ನಂತರ. ಲಸಿಕೆ ಹಾಕುವುದು ಆಸ್ಪತ್ರೆ, ಮಕ್ಕಳಿಗೆ ತಿಳಿವಳಿಕೆ ಕೊಡುವುದು ಶಾಲೆ, ಮನೆಮನೆಗೆ ಹೋಗುವುದು ಆರೋಗ್ಯ ಕಾರ್ಯಕರ್ತೆಯರು ಮತ್ತು ಮಹಿಳಾ ಗುಂಪುಗಳು. ಒಂದೇ ವಾರ ಒಂದೇ ಬಡಾವಣೆಯಲ್ಲಿ ಎರಡು ತಪಾಸಣಾ ಶಿಬಿರಗಳು ನಡೆದು ಪಕ್ಕದ ಬಡಾವಣೆ ಖಾಲಿ ಉಳಿಯದಂತೆ ನೋಡಿಕೊಳ್ಳುವುದು, ಶಿಬಿರದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವರು ನಿಜವಾಗಿಯೂ ವೈದ್ಯರ ಬಳಿ ತಲುಪಿದರೇ ಎಂದು ಬೆನ್ನು ಹತ್ತುವುದು, ಮುನಿಸಿಕೊಂಡ ಎರಡು ಸಂಸ್ಥೆಗಳನ್ನು ಮತ್ತೆ ಒಂದು ಮೇಜಿನ ಸುತ್ತ ಕೂರಿಸುವುದು ಒಕ್ಕೂಟದ ಕೆಲಸ. ಈ ಕೆಲಸ ಚೆನ್ನಾಗಿ ನಡೆದಷ್ಟೂ ಹೆಸರು ಬೇರೆಯವರಿಗೆ ಹೋಗುತ್ತದೆ, ಹೋಗಬೇಕಾದದ್ದೂ ಹಾಗೆಯೇ. ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲಿಯೂ ಜಾರಿಯಲ್ಲಿಯೂ ಒಬ್ಬೊಬ್ಬರಾಗಿ ಮತ್ತು ಒಟ್ಟಾಗಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು ಕರ್ತವ್ಯವೂ ಹೌದು ಎಂದು ಪ್ರಾಥಮಿಕ ಆರೋಗ್ಯ ಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ಹೊರಡಿಸಿದ 1978ರ ಆಲ್ಮಾ-ಅಟಾ ಘೋಷಣೆ ಸಾರಿತು. ಹಾಗೆ ಪಾಲ್ಗೊಳ್ಳುವವರನ್ನು ಕರೆದು ಕೂರಿಸುವವರ ಸಂಬಳ ಯಾವ ಬಾಬ್ತಿನಿಂದ ಬರಬೇಕು ಎಂಬ ಪ್ರಶ್ನೆ ನಮ್ಮಂಥವರ ಪಾಲಿಗೆ ಉಳಿಯಿತು.

ಆ ಪ್ರಶ್ನೆಯನ್ನು ನೇರವಾಗಿ ಕೇಳಲು ಕಲಿಸಿದವರು ನಮ್ಮ ಖಜಾಂಚಿ. ಇಡೀ ಜೀವನ ಬೇರೆಯವರ ಲೆಕ್ಕಪತ್ರ ನೋಡಿ ನಿವೃತ್ತರಾದ ಅವರು ಬಂದ ಮೊದಲ ತಿಂಗಳಲ್ಲೇ ನಮ್ಮ ಪುಸ್ತಕಗಳಲ್ಲಿದ್ದ ಒಂದು ಚಾಳಿಯನ್ನು ಹಿಡಿದರು: ಆಡಳಿತ ವೆಚ್ಚ ಹೆಚ್ಚೆಂದು ದಾನಿಗಳು ಮೂಗು ಮುರಿದಾರೆಂಬ ಭಯಕ್ಕೆ ಸಂಯೋಜಕಿಯ ಸಂಬಳವನ್ನು ನಾವು ಶಿಬಿರ, ತರಬೇತಿ, ಮುದ್ರಣ ಎಂಬ ಬಾಬ್ತುಗಳಲ್ಲಿ ಹಂಚಿ ಅಡಗಿಸಿಡುತ್ತಿದ್ದೆವು. ಇದು ನಮ್ಮೊಬ್ಬರ ಕಾಯಿಲೆಯಲ್ಲ. ದಾನಿಗಳು ಕಡಿಮೆ ಆಡಳಿತ ವೆಚ್ಚವನ್ನು ನಿರೀಕ್ಷಿಸುತ್ತಾರೆ, ಸಂಸ್ಥೆಗಳು ಇನ್ನೂ ಕಡಿಮೆ ತೋರಿಸುತ್ತವೆ, ಅದನ್ನು ನಂಬಿದ ದಾನಿಗಳು ಮತ್ತೂ ಕಡಿಮೆ ನಿರೀಕ್ಷಿಸುತ್ತಾರೆ. ಈ ಸುಳಿಯನ್ನು ಲಾಭರಹಿತ ಸಂಸ್ಥೆಗಳ ಬಗ್ಗೆ ಬರೆದ ಗ್ರೆಗರಿ ಮತ್ತು ಹೋವರ್ಡ್ ಎಂಬಿಬ್ಬರು 2009ರಲ್ಲಿಯೇ ಉಪವಾಸದ ಚಕ್ರವೆಂದು ಕರೆದಿದ್ದರು. ಬೇರೆ ಬೇರೆ ಸಂಸ್ಥೆಗಳು ಕೂಡಿ ನಡೆಸುವ ಕೆಲಸಕ್ಕೆ ಪೂರ್ಣಾವಧಿ ಸಿಬ್ಬಂದಿಯಿರುವ ಬೆನ್ನೆಲುಬು ಬೇಕು, ಅದಿಲ್ಲದೆ ಸಹಕಾರ ತಾನಾಗಿಯೇ ನಡೆದೀತೆಂಬ ನಿರೀಕ್ಷೆಯೇ ಇಂಥ ಪ್ರಯತ್ನಗಳು ಬಿದ್ದುಹೋಗಲು ಪದೇ ಪದೇ ಕಾಣುವ ಕಾರಣವೆಂದು 2011ರಲ್ಲಿ ಕ್ಯಾನಿಯಾ ಮತ್ತು ಕ್ರೇಮರ್ ಎಂಬ ಲೇಖಕರು ಬರೆದದ್ದನ್ನೂ ಖಜಾಂಚಿಯವರೇ ನಮಗೆ ಓದಿಸಿದರು. ಒಕ್ಕೂಟ ಉಸಿರಾಡಲು ವರ್ಷಕ್ಕೆ ಎಷ್ಟು ಬೇಕು ಎಂಬುದನ್ನು ಅವರು ಬೇರೆಯದೇ ಪುಟದಲ್ಲಿ, ಮುಚ್ಚುಮರೆಯಿಲ್ಲದೆ ಬರೆದು ದಾನಿಗಳ ಮುಂದಿಟ್ಟ ದಿನ ನನಗೆ ಕೈ ನಡುಗಿತ್ತು. ಇಬ್ಬರು ದಾನಿಗಳು ಹಿಂದೆ ಸರಿದರು. ಮೂರನೆಯವರು, ಇಷ್ಟು ವರ್ಷ ಈ ಪುಟವನ್ನೇ ಹುಡುಕುತ್ತಿದ್ದೆ ಎಂದು ಹೇಳಿ ಆ ಪುಟದ ಅರ್ಧ ಭಾರ ಹೊತ್ತರು. ಶಿಬಿರಕ್ಕೆ ಹಣ ಕೊಡುವವರು ಎಲ್ಲೆಲ್ಲೂ ಸಿಗುತ್ತಾರೆ. ಬಾಡಿಗೆ, ದೂರವಾಣಿ, ಲೆಕ್ಕಪರಿಶೋಧನೆಗಳಿಗೆಂದು ಯಾವ ಷರತ್ತೂ ಇಲ್ಲದೆ ಕೊಟ್ಟ ಆ ಒಬ್ಬರಿಗೂ, ಪ್ರತಿ ತಿಂಗಳು ತಪ್ಪದೆ ಸಣ್ಣ ಮೊತ್ತ ಕಳುಹಿಸುವ ನೂರಾರು ಜನರಿಗೂ ನಾವು ಋಣಿಗಳು.

ಸ್ವಯಂಸೇವಕರ ಗಂಟೆಗಳನ್ನು ಬರೆದಿಡುವ ಪದ್ಧತಿಯೂ ಖಜಾಂಚಿಯವರದೇ. ಅಮೆರಿಕದಲ್ಲಿ 1997ರ ಕಾನೂನಿನಡಿ ಮಾದಕವಸ್ತು ತಡೆಯುವ ಸ್ಥಳೀಯ ಒಕ್ಕೂಟಗಳಿಗೆ ಕೊಡುವ ಅನುದಾನಕ್ಕೆ ಹೆಚ್ಚೆಂದರೆ 10 ವರ್ಷಗಳ ಮಿತಿಯಿದೆ. ಮೊದಲ 6 ವರ್ಷ ಒಕ್ಕೂಟ ಅನುದಾನದಷ್ಟೇ ಪಾಲನ್ನು ತಾನೂ ಹೊಂದಿಸಬೇಕು, ಆ ನಂತರ ಆ ಪಾಲು ಶೇ. 125ಕ್ಕೂ ಕೊನೆಯ ಎರಡು ವರ್ಷ ಶೇ. 150ಕ್ಕೂ ಏರುತ್ತದೆ. ಆದರೆ ಆ ಪಾಲು ನಗದೇ ಆಗಿರಬೇಕಿಲ್ಲ, ಸ್ವಯಂಸೇವಕರ ಸಮಯವೂ ಉಚಿತವಾಗಿ ಸಿಕ್ಕ ಕೋಣೆಯೂ ಲೆಕ್ಕಕ್ಕೆ ಬರುತ್ತವೆ. ನಾವು ಆ ಅನುದಾನದ ವ್ಯಾಪ್ತಿಯವರಲ್ಲ, ನಮಗೆ ಬೇಕಾದದ್ದು ಆ ಲೆಕ್ಕದ ಹಿಂದಿನ ಯೋಚನೆ ಮಾತ್ರ. ಒಂದು ವರ್ಷ ಗಂಟೆಗಳನ್ನು ಬರೆದಿಟ್ಟ ಮೇಲೆ ದಾನಿಗಳಿಗೆ ತೋರಿಸಲು ದೊಡ್ಡ ಸಂಖ್ಯೆಯೇನೋ ಸಿಕ್ಕಿತು, ಜೊತೆಗೆ ಅದರ ದೊಡ್ಡ ಭಾಗ ಐದೇ ಜನರ ಬೆನ್ನ ಮೇಲಿದೆ ಎಂಬುದೂ ಬಯಲಾಯಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆಯನ್ನು ನಮ್ಮ ಭಾಷಣಗಳಲ್ಲಿ ಎಷ್ಟೋ ಸಲ ಹೇಳಿದ್ದೆವು. ಹೊರೆ ಹೊತ್ತವರು ಯಾರೆಂದು ನೋಡಿರಲಿಲ್ಲ. ಅವರಲ್ಲಿ ಮೂವರು ಆರೋಗ್ಯ ಕಾರ್ಯಕರ್ತೆಯರು, ತಮ್ಮ ದಿನದ ಕೆಲಸ ಮುಗಿಸಿ ಬಂದು ನಮ್ಮ ಕೆಲಸ ಮಾಡಿದವರು. ಅವರಿಗೆ ಧನ್ಯವಾದಕ್ಕಿಂತ ಮೊದಲು ಕ್ಷಮೆ ಕೇಳಬೇಕು. ಕಳೆದ ವರ್ಷದಿಂದ ಅವರ ಪ್ರಯಾಣದ ಖರ್ಚು ಮತ್ತು ಗೌರವಧನ ನಮ್ಮ ಮುಂಗಡಪತ್ರದಲ್ಲಿ ಮೊದಲ ಸಾಲಾಗಿದೆ.

ಸದಸ್ಯ ಸಂಸ್ಥೆಗಳ ಬಗ್ಗೆ ಹೇಳುವುದಾದರೆ, ವಂತಿಗೆಯ ಪ್ರಸ್ತಾಪ ಬಂದಾಗ ಎಲ್ಲರಿಗಿಂತ ಚಿಕ್ಕ ಗುಂಪಿಗೆ ವಿನಾಯಿತಿ ಕೊಡಲು ನಾವು ಮುಂದಾದೆವು. ಕೊಡದೆ ಕುಳಿತರೆ ಮಾತಾಡಲು ಬಾಯಿ ಬರುವುದಿಲ್ಲವೆಂದು ಹೇಳಿ ಅವರು ತಮ್ಮ ಪಾಲನ್ನು ಎಲ್ಲರಿಗಿಂತ ಮೊದಲು ಕಟ್ಟಿದರು. ಎಲ್ಲರಿಗಿಂತ ದೊಡ್ಡ ಸಂಸ್ಥೆ, ಹೆಚ್ಚು ಕೊಡುವವರಿಗೆ ಸಮಿತಿಯಲ್ಲಿ ಹೆಚ್ಚು ಸ್ಥಾನವೂ ಇರಲಿ ಎಂದು ಕೇಳಿತ್ತು. ಎರಡು ಬಿಸಿಬಿಸಿ ಸಭೆಗಳ ನಂತರ ಆ ಬೇಡಿಕೆಯನ್ನು ಕೈಬಿಟ್ಟು ವಂತಿಗೆ ಕೊಡುವುದನ್ನು ಮಾತ್ರ ಮುಂದುವರಿಸಿತು. ಅದು ಸುಲಭದ ಔದಾರ್ಯವಲ್ಲ. ತಾವು ಅರ್ಜಿ ಹಾಕಿದ ದಾನಿಗೇ ಒಕ್ಕೂಟವೂ ಅರ್ಜಿ ಹಾಕಿದೆ, ಇದು ಸರಿಯಲ್ಲ ಎಂದು ಬೆನ್ನ ಹಿಂದೆ ಆಡದೆ ಮುಖಕ್ಕೆ ಹೇಳಿದ ಸಂಸ್ಥೆಯಿಂದಾಗಿ, ಸದಸ್ಯರು ಕೇಳುವ ಹಣಕ್ಕೆ ಒಕ್ಕೂಟ ಕೈ ಹಾಕಬಾರದೆಂಬ ನಿಯಮ ನಮ್ಮ ಬೈಲಾದಲ್ಲಿ ಸೇರಿತು. ತನ್ನ ಆದ್ಯತೆಗಳು ಬದಲಾಗಿವೆ ಎಂದು ತಿಳಿಸಿ, ಆ ತಿಂಗಳವರೆಗಿನ ವಂತಿಗೆ ಕಟ್ಟಿ, ಕಡತಗಳನ್ನೆಲ್ಲ ಒಪ್ಪಿಸಿ ಹೊರಗೆ ಹೋದ ಸಂಸ್ಥೆಯನ್ನೂ ಇಲ್ಲಿ ನೆನೆಯುತ್ತೇನೆ. ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಸಭೆಗೆ ಬಾರದವರಿಗಿಂತ ಹಾಗೆ ಹೋದವರು ನಮಗೆ ಹೆಚ್ಚು ಉಪಕಾರ ಮಾಡಿದ್ದಾರೆ.

ಕೊನೆಯದಾಗಿ ನಮ್ಮ ಸಂಯೋಜಕಿ. ಅನುದಾನ ನಿಂತ ವರ್ಷ ಆಕೆ ಅರ್ಧ ದಿನದ ಕೆಲಸಕ್ಕೆ, ಅರ್ಧ ಸಂಬಳಕ್ಕೆ ಒಪ್ಪಿಕೊಂಡರು. ಕೆಲಸ ಅರ್ಧವಾಗಲಿಲ್ಲ, ಆ ಅರ್ಧ ಸಂಬಳವನ್ನೂ ನಾವು ಐದು ತಿಂಗಳು ಕೊಡಲಿಲ್ಲ. ಆ ತಿಂಗಳುಗಳಲ್ಲಿ ಅವರು ಸಭೆಗಳ ಸೂಚನಾಪತ್ರವನ್ನು ಒಂದು ಸಲವೂ ತಡಮಾಡಿ ಕಳುಹಿಸಿದ್ದಿಲ್ಲ. ಹತ್ತನೆಯ ವರ್ಷದ ಸಮಾರಂಭದಲ್ಲಿ ಅವರನ್ನು ಸನ್ಮಾನಿಸೋಣವೆಂದು ಸಮಿತಿಯಲ್ಲಿ ಮಾತು ಬಂದಾಗ, ಮೊದಲು ಬಾಕಿ, ಆಮೇಲೆ ಹೊಗಳಿಕೆ ಎಂದು ಖಜಾಂಚಿಯವರು ತಡೆದರು. ಈ ಬರಹವೂ ಆ ಕಾರಣಕ್ಕೇ ಇಷ್ಟು ತಡವಾಯಿತು. ಐದು ತಿಂಗಳ ಬಾಕಿಯ ಕೊನೆಯ ಕಂತು ಕಳೆದ ವಾರ ಅವರ ಖಾತೆಗೆ ಸೇರಿದೆ.